ಹನ್ನೆರಡನೆಯವರನ್ನು ಬಿಟ್ಟು ನಡೆದ ದಿನ

ಫಾರಂನ ಒಂಬತ್ತನೆಯ ಪ್ರಶ್ನೆ ಹೀಗಿತ್ತು: ಗುಂಪಿನ ಲೀಡರ್ ಈ ದಾರಿಯನ್ನು ಸ್ವತಃ ನಡೆದು ನೋಡಿದ್ದಾರೆಯೇ? ಐದು ದಾರಿಗಳಿಗೆ ಐದು ಫಾರಂ. ನಾಲ್ಕರಲ್ಲಿ ಹೌದು ಎಂದು ಹಾಕಿದ ಗುರುತು ನಿಜವಾಗಿತ್ತು. ಐದನೆಯದರಲ್ಲೂ ಅದೇ ಪೆನ್ನಿನಿಂದ ಅದೇ ಗುರುತು ಹಾಕಿದೆ.

ಇದು ಎರಡು ಸಾವಿರದ ಎಂಟನೇ ಇಸವಿಯ ಮಾತು. ನಾನು ಬಹರೈನ್‌ನ ಮನಾಮದ ಒಂದು ಟ್ರಾವೆಲ್ ಏಜೆನ್ಸಿಯಲ್ಲಿದ್ದೆ. ಊರಿಗೆ ಹೋಗುವವರ ಟಿಕೆಟ್, ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೋಗುವವರ ಬಸ್ಸು, ವೀಸಾದ ಕಾಗದಪತ್ರ, ಇಷ್ಟೇ ನಮ್ಮ ವ್ಯವಹಾರ. ಆ ವರ್ಷ ನಮ್ಮ ಅರ್ಬಾಬ್, ಅಂದರೆ ಏಜೆನ್ಸಿಯ ಮಾಲೀಕರು, ಹೊಸದೊಂದನ್ನು ಯೋಚಿಸಿದರು. ಸೈಪ್ರಸ್ ದ್ವೀಪಕ್ಕೆ ವಿಮಾನದಲ್ಲಿ ನಾಲ್ಕು ಗಂಟೆಯೂ ಬೇಡ. ಹನ್ನೆರಡು ಜನರ ಗುಂಪು ಕಟ್ಟಿ, ಒಂದು ವಾರ ಅಲ್ಲಿ ಬೆಟ್ಟ, ಕಡಲತೀರ ಎಂದು ನಡೆಸಿಕೊಂಡು ಬರುವುದು. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದೆ, ನಕ್ಷೆ ಓದಲು ಬರುತ್ತದೆ ಎಂಬ ಕಾರಣಕ್ಕೆ ಲೀಡರ್ ಕೆಲಸ ನನಗೆ ಬಂತು.

ಫೆಬ್ರವರಿಯಲ್ಲಿ ದಾರಿ ನೋಡಿ ಬರಲು ನನ್ನೊಬ್ಬನನ್ನೇ ಕಳಿಸಿದರು. ಮೊದಲ ನಾಲ್ಕು ದಾರಿಗಳನ್ನು ಗಡಿಯಾರ ಹಿಡಿದು ನಡೆದೆ. ಎಲ್ಲಿ ನೆರಳಿದೆ, ಎಲ್ಲಿ ನೀರು ಸಿಗುತ್ತದೆ, ಬಸ್ಸು ಎಲ್ಲಿಯವರೆಗೆ ಬರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಐದನೆಯದು ಒಂದು ಕಮರಿಯ ದಾರಿ. ಬೆಟ್ಟದ ಮೇಲಿನ ಹಳ್ಳಿಯಿಂದ ಇಳಿದು, ಕಮರಿಯ ತಳದಲ್ಲಿ ಸಾಗಿ, ಕಡಲಿನ ಬದಿಯ ರಸ್ತೆಗೆ ಸೇರುವುದು. ಅವತ್ತು ಮಳೆ. ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು ಒಡೆದಿತ್ತು. ಹಳ್ಳಿಯ ಕಾಫಿ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಕೂತೆ. ಅಂಗಡಿಯವನು ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹನ್ನೊಂದು ಕಿಲೋಮೀಟರು, ನಾಲ್ಕು ಗಂಟೆ, ಎಲ್ಲ ಇಳಿಜಾರು, ಏನೂ ಕಷ್ಟವಿಲ್ಲ ಎಂದ. ಅದನ್ನೇ ಬರೆದುಕೊಂಡೆ. ಅವನು ಆ ದಾರಿಯಲ್ಲಿ ಕೊನೆಯ ಸಲ ಇಳಿದದ್ದು ಯಾವಾಗ ಎಂದು ಕೇಳಲಿಲ್ಲ.

ಬಂದ ಮೇಲೆ ಹನ್ನೊಂದು ಜನ ಸಿಕ್ಕಿದರು. ಜುಫೈರ್‌ನ ಒಬ್ಬ ಬ್ರಿಟಿಷ್ ಎಂಜಿನಿಯರ್ ಮತ್ತು ಅವರ ಹೆಂಡತಿ, ಕೇರಳದ ಒಬ್ಬಳು ನರ್ಸ್, ಬ್ಯಾಂಕಿನಲ್ಲಿದ್ದ ಬೆಂಗಳೂರಿನ ದಂಪತಿ, ಹೀಗೆ. ಹನ್ನೆರಡು ಆಗದಿದ್ದರೆ ಗುಂಪಿನ ಟಿಕೆಟ್ ಕೊಡುವುದಿಲ್ಲ ಎಂದು ವಿಮಾನದವರು ಖಡಾಖಂಡಿತವಾಗಿ ಹೇಳಿದ್ದರು. ಗಡುವಿಗೆ ಎರಡು ದಿನ ಇರುವಾಗ ನನಗೆ ಟೈಲರ್ ಅಕ್ಕನ ನೆನಪಾಯಿತು.

ಅಕ್ಕ ನಮ್ಮ ಕಡೆಯವರು. ಮಾಹೂಝ್‌ನ ಒಂದು ಫ್ಲ್ಯಾಟಿನ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ರವಿಕೆ, ಚೂಡಿದಾರ್ ಹೊಲಿಯುತ್ತಿದ್ದರು. ಅವರ ಗಂಡನಿಗೆ ಟುಬ್ಲಿಯ ಒಂದು ಗ್ಯಾರೇಜಿನಲ್ಲಿ ಕೆಲಸ. ನಾನು ಅವರನ್ನು ಭಾವ ಎಂದು ಕರೆಯುತ್ತಿದ್ದೆ. ಬಹರೈನ್‌ಗೆ ಬಂದ ಹೊಸತರಲ್ಲಿ ಒಂದು ವರ್ಷ ಪ್ರತಿ ಶುಕ್ರವಾರ ನನ್ನ ಊಟ ಅವರ ಮನೆಯಲ್ಲೇ. ಇಪ್ಪತ್ತು ವರ್ಷಗಳಿಂದ ಅಕ್ಕ ಊರಿಗೆ ಹೋಗಿ ಬಂದದ್ದು ಬಿಟ್ಟರೆ ಎಲ್ಲಿಗೂ ಹೋದವರಲ್ಲ. ವಯಸ್ಸು ಐವತ್ತೇಳು. ಸಂಜೆ ಮೈದಾನದ ಸುತ್ತ ನಡೆಯುವ ಅಭ್ಯಾಸ ಇತ್ತು, ಅದನ್ನೇ ಹಿಡಿದುಕೊಂಡು ಅವರನ್ನು ಒಪ್ಪಿಸಲು ಕೂತೆ. ಭಾವನಿಗೆ ಖುಷಿಯೋ ಖುಷಿ, ಹೋಗಿ ಬಾ ಎಂದುಬಿಟ್ಟರು. ಅಕ್ಕ ಮಾತ್ರ ಕತ್ತರಿ ಕೆಳಗಿಟ್ಟು ಒಂದೇ ಮಾತು ಕೇಳಿದರು.

"ನೀನು ನಡೆದು ನೋಡಿದ ದಾರಿಯೇ ಅಲ್ವಾ ಎಲ್ಲ?"

"ಎಲ್ಲ ನಡೆದದ್ದೇ ಅಕ್ಕ," ಎಂದೆ.

ಬಹರೈನ್‌ನಲ್ಲಿ ಬೆಟ್ಟ ಎಲ್ಲಿದೆ? ಇರುವ ಒಂದು ಗುಡ್ಡವನ್ನು ಅರ್ಧ ಗಂಟೆಯಲ್ಲಿ ಹತ್ತಿ ಇಳಿಯಬಹುದು. ಅದಕ್ಕೇ ಎಂಜಿನಿಯರ್ ತಮ್ಮ ಇಪ್ಪತ್ತೆರಡು ಮಹಡಿಯ ಕಟ್ಟಡದ ಮೆಟ್ಟಿಲುಗಳಲ್ಲಿ ತಯಾರಿ ಮಾಡೋಣ ಎಂದರು. ಆರು ಶುಕ್ರವಾರ ಬೆಳಗ್ಗೆ ಎಲ್ಲರೂ ಜುಫೈರ್‌ಗೆ ಬಂದು, ಬೆನ್ನಿಗೆ ನೀರಿನ ಬಾಟಲಿಗಳ ಚೀಲ ಹಾಕಿಕೊಂಡು ಹತ್ತುತ್ತಿದ್ದೆವು. ಮೇಲೆ ತಲುಪಿ ಲಿಫ್ಟಿನಲ್ಲಿ ಇಳಿದು ಮತ್ತೆ ಹತ್ತುವುದು. ಅಕ್ಕ ಮೊದಲ ವಾರ ಒಂಬತ್ತನೇ ಮಹಡಿಯಲ್ಲಿ ಕೂತುಬಿಟ್ಟರು. ಆರನೇ ವಾರ ಎರಡು ಸಲ ತುದಿ ಮುಟ್ಟಿದರು. ನಾನು ಪ್ರತಿಯೊಬ್ಬರ ಹೆಸರಿನ ಮುಂದೆ ನಿಮಿಷಗಳನ್ನು ಬರೆದಿಟ್ಟೆ. ಬೆಟ್ಟದಲ್ಲಿ ಮೊಣಕಾಲು ಕೈಕೊಡುವುದು ಹತ್ತುವಾಗ ಅಲ್ಲ, ಇಳಿಯುವಾಗ. ಇದು ಎನ್‌ಸಿಸಿಯಲ್ಲಿ ನನಗೆ ಕಲಿಸಿದ್ದೇ. ಆದರೂ ಆರು ವಾರವೂ ಎಲ್ಲರನ್ನೂ ಲಿಫ್ಟಿನಲ್ಲಿ ಇಳಿಸಿದೆ.

ಏಪ್ರಿಲ್‌ನಲ್ಲಿ ಹೊರಟೆವು. ಮೊದಲ ಎರಡು ದಿನ ಇಂಥ ಕೆಲಸ ಮುಂಚೆಯೇ ಯಾಕೆ ಹಿಡಿಯಲಿಲ್ಲ ಎನ್ನಿಸುವಷ್ಟು ಚೆನ್ನಾಗಿತ್ತು. ಬಿಸಿಲಿತ್ತು, ಆದರೆ ಬಹರೈನ್‌ನ ಹಾಗೆ ಮೈಮೇಲೆ ಕೂರುವ ಬಿಸಿಲಲ್ಲ. ಒಂದು ಬದಿ ಕಡಲು, ಇನ್ನೊಂದು ಬದಿ ಬಿಳಿ ಕಲ್ಲಿನ ಗುಡ್ಡ, ನಡುವೆ ಕಾಲು ತಾಗಿದರೆ ಪರಿಮಳ ಬರುವ ಸಣ್ಣ ಗಿಡಗಳು. ನಾನು ಮುಂದೆ, ನರ್ಸ್ ಕೊನೆಗೆ. ಗುಂಪಿನ ಕೊನೆಯಲ್ಲಿ ಒಬ್ಬರು ಜವಾಬ್ದಾರರು ಇರಲೇಬೇಕು, ಅವರ ಹಿಂದೆ ಯಾರೂ ಉಳಿಯಬಾರದು ಎಂಬುದು ಇಂಥ ನಡಿಗೆಯ ಮೊದಲ ನಿಯಮ. ಅಕ್ಕ ನರ್ಸ್ ಜೊತೆ ಮಾತಾಡುತ್ತ ನಿಧಾನಕ್ಕೆ ಬರುತ್ತಿದ್ದರು. ಹನ್ನೆರಡು ಜನರಿಗೂ ಬುತ್ತಿ ಹಾಕಿಕೊಳ್ಳಲು ಒಂದೊಂದು ಬಟ್ಟೆಯ ಚೀಲ ಹೊಲಿದು ತಂದಿದ್ದರು. ಎರಡನೆಯ ದಿನ ಬಂಡೆಯ ಮೇಲೆ ಕೂತು ಬ್ರೆಡ್ ತಿನ್ನುವಾಗ, ಇಷ್ಟು ಹೊತ್ತು ಮೆಷಿನ್ನಿನ ಸದ್ದಿಲ್ಲದೆ ತಾನು ಎಂದೂ ಇದ್ದದ್ದಿಲ್ಲ ಎಂದು ನನಗೆ ಹೇಳಿದರು.

ಮೂರನೆಯ ದಿನ ಕಮರಿ.

ಬೆಳಗ್ಗೆ ನರ್ಸ್‌ಗೆ ಹೊಟ್ಟೆ ಕೆಟ್ಟು ಹೋಟೆಲಿನಲ್ಲೇ ಉಳಿದಳು. ಬಸ್ಸು ತಡವಾಗಿ ಬಂತು. ಎಂಟಕ್ಕೆ ಹೊರಡಬೇಕಾದವರು ಇಳಿಯಲು ಶುರು ಮಾಡಿದಾಗ ಹತ್ತಕ್ಕೆ ಕಾಲು ಗಂಟೆ ಇತ್ತು. ನರ್ಸ್ ಜಾಗಕ್ಕೆ ಇನ್ನೊಬ್ಬರನ್ನು ಹಾಕಬೇಕಿತ್ತು. ನಾಲ್ಕು ಗಂಟೆಯ ಇಳಿಜಾರು ತಾನೇ ಎಂದು ಬಿಟ್ಟೆ. ಯಾವ ದಾರಿಯಲ್ಲಿ ಇಳಿಯುತ್ತೇವೆ ಎಂದು ಹೇಳದೆ, ಬಸ್ಸಿನವನಿಗೆ ಕೆಳಗಿನ ರಸ್ತೆಯಲ್ಲಿ ಕಾಯಲು ಹೇಳಿ ಕಳಿಸಿದೆ.

ದಾರಿ ಕಾಫಿ ಅಂಗಡಿಯವನು ಹೇಳಿದ ಹಾಗೆ ಇರಲಿಲ್ಲ. ಕಾಲಡಿ ಜಾರುವ ಜಲ್ಲಿಕಲ್ಲು. ಪ್ರತಿ ಹೆಜ್ಜೆಯನ್ನೂ ತಡೆದು ಇಡಬೇಕು, ಆ ಭಾರವೆಲ್ಲ ಮೊಣಕಾಲಿಗೆ. ಅರ್ಧ ಗಂಟೆಯಲ್ಲಿ ಅಕ್ಕ ಹಿಂದೆ ಬಿದ್ದರು. ಒಂದು ಗಂಟೆ ಆಗುವಾಗ ಅಡ್ಡಡ್ಡ ಹೆಜ್ಜೆ ಹಾಕಿ, ಎರಡು ಕೈಯಲ್ಲೂ ಕೋಲು ಊರಿ ಇಳಿಯುತ್ತಿದ್ದರು. ನಾವು ಹತ್ತು ನಿಮಿಷ ನಡೆದು ಹತ್ತು ನಿಮಿಷ ಅವರಿಗಾಗಿ ನಿಲ್ಲುವುದಾಯಿತು. ಎಂಜಿನಿಯರ್ ಎರಡು ಸಲ ಗಡಿಯಾರ ನೋಡಿದರು. ಬ್ಯಾಂಕಿನವರು ನೀರು ಸಾಲುತ್ತದೆಯೇ ಎಂದು ಕೇಳಿದರು. ನನಗೆ ಒಳಗೊಳಗೇ ಭಯ ಹತ್ತಿತ್ತು. ನಕ್ಷೆಯಲ್ಲಿ ಇದ್ದ ತಿರುವು ಎದುರಿಗೆ ಕಾಣುತ್ತಿರಲಿಲ್ಲ, ಕಲ್ಲಿನ ಮೇಲಿನ ಬಣ್ಣದ ಗುರುತುಗಳೂ ನಿಂತುಹೋಗಿದ್ದವು. ಮುಂದೆ ಏನಿದೆ ಎಂದು ನನಗೆ ಗೊತ್ತಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಹನ್ನೊಂದೂವರೆಯ ಹೊತ್ತಿಗೆ ಒಂದು ಕ್ಯಾರಬ್ ಮರದ ಕೆಳಗೆ ನಿಂತೆವು. ನಮ್ಮ ಹುಣಸೆಯ ಹಾಗೆ ಕೋಡು ಬಿಡುವ, ದಟ್ಟ ನೆರಳಿನ ಮರ ಅದು. ಅಕ್ಕ ಬಂದು ತಲುಪಿದಾಗ ಅವರ ಕಾಲು ನಿಂತಲ್ಲೇ ನಡುಗುತ್ತಿತ್ತು. ನಮ್ಮಿಬ್ಬರ ಮಾತು ಯಾವಾಗಲೂ ತುಳುವಿನಲ್ಲಿ. ಅವತ್ತು ನಾನು ಹಿಂದಿಯಲ್ಲಿ ಮಾತಾಡಿದೆ, ಸುತ್ತ ನಿಂತವರಿಗೆ ಅರ್ಥವಾಗಲಿ ಎಂದೇ. ನಿಮ್ಮೊಬ್ಬರಿಂದ ಇಡೀ ಗುಂಪು ನಿಂತಿದೆ, ಆಗುವುದಿಲ್ಲ ಎಂದಿದ್ದರೆ ಬರಬಾರದಿತ್ತು ಎಂದೆ. ಎಂಜಿನಿಯರ್‌ಗಾಗಿ ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದೆ.

ಅಕ್ಕ ಸೆರಗಿಲ್ಲದ ಚೂಡಿದಾರಿನಲ್ಲಿದ್ದರು, ಆದರೂ ಕೈ ಹೆಗಲ ಬಳಿ ಸೆರಗು ಹುಡುಕಿತು.

ರಸ್ತೆ ಇನ್ನು ಅರ್ಧ ಗಂಟೆ, ಇಲ್ಲೇ ನೆರಳಲ್ಲಿ ಕೂತಿರಿ, ಬಸ್ಸಿನವನನ್ನು ಕರೆದುಕೊಂಡು ಬರುತ್ತೇನೆ ಎಂದು ನಾನೇ ಹೇಳಿದೆ. ಅವರ ಬಾಟಲಿಯಲ್ಲಿ ಅರ್ಧ ನೀರಿತ್ತು. ಅವರ ಬಹರೈನ್ ಮೊಬೈಲು ಅಲ್ಲಿ ಕೆಲಸ ಮಾಡುತ್ತಿರಲಿಲ್ಲ. ಜೊತೆಗೆ ಒಬ್ಬರನ್ನು ಬಿಡಲಿಲ್ಲ, ಯಾರೂ ತಾವಾಗಿ ಉಳಿಯುತ್ತೇವೆ ಎನ್ನಲಿಲ್ಲ. ಹತ್ತು ಜನರನ್ನು ಹಿಂದೆ ಹಾಕಿಕೊಂಡು ಇಳಿದೆ.

ಇಪ್ಪತ್ತು ನಿಮಿಷದಲ್ಲಿ ದಾರಿ ಮುಗಿಯಿತು. ಯಾವುದೋ ಚಳಿಗಾಲದ ಮಳೆಗೆ ಬದಿ ಕುಸಿದಿತ್ತು, ನಾವು ಮೂರಾಳು ಎತ್ತರದ ಒಣ ಜಲಪಾತದ ತುದಿಯಲ್ಲಿ ನಿಂತಿದ್ದೆವು. ಅಲ್ಲಿ ಇಳಿಯಲು ಹಗ್ಗ ಬೇಕು. ಎಡಗಡೆಯ ಇಳುಕಲನ್ನು ಪೊದೆ ಹಿಡಿದು ಹತ್ತಿ, ಗುಡ್ಡದ ಏಣಿನ ಮೇಲೆ ಸುತ್ತಿ, ಇನ್ನೊಂದು ಕಣಿವೆಗೆ ಇಳಿದು ರಸ್ತೆ ಮುಟ್ಟಿದಾಗ ಮೂರೂವರೆ. ಎಲ್ಲರ ನೀರೂ ಮುಗಿದಿತ್ತು.

ಮರದ ಗುರುತು ಹೇಳಿ, ಇಲ್ಲಿಂದ ಅಲ್ಲಿಗೆ ಹತ್ತಿರದ ದಾರಿ ಯಾವುದು ಎಂದು ಬಸ್ಸಿನವನನ್ನು ಕೇಳಿದೆ. ಕೆಳಗಿನಿಂದ ದಾರಿಯೇ ಇಲ್ಲ, ಎರಡು ವರ್ಷದಿಂದ ಯಾರೂ ಹೋಗುವುದಿಲ್ಲ, ಮೇಲಿನ ಹಳ್ಳಿಯಿಂದಲೇ ಇಳಿಯಬೇಕು ಎಂದ. ಪೊಲೀಸರಿಗೆ ಈಗಲೇ ಫೋನ್ ಮಾಡು ಎಂದೂ ಹೇಳಿದ. ಎಂಜಿನಿಯರ್ ಕೂಡ ಅದನ್ನೇ ಹೇಳಿದರು. ನನ್ನ ಕೈಯಲ್ಲಿ ಫೋನಿತ್ತು, ಸಿಗ್ನಲ್ಲೂ ಇತ್ತು. ಪೊಲೀಸರು ಬಂದರೆ ದಾಖಲೆಯಾಗುತ್ತದೆ, ದಾಖಲೆಯಾದರೆ ಆಫೀಸಿಗೆ ಗೊತ್ತಾಗುತ್ತದೆ. ನನ್ನ ತಲೆಯಲ್ಲಿ ಆಗ ಇದ್ದದ್ದು ಇಷ್ಟೇ. ಬೇಡ, ನಾನೇ ಒಂದು ಗಂಟೆಯಲ್ಲಿ ಕರೆದುಕೊಂಡು ಬರುತ್ತೇನೆ ಎಂದೆ.

ಬಸ್ಸು ಸುತ್ತುಬಳಸಿ ಹಳ್ಳಿ ತಲುಪಲು ಐವತ್ತು ನಿಮಿಷ. ಉಳಿದವರನ್ನು ಬಸ್ಸಿನಲ್ಲೇ ಕೂರಿಸಿ, ಅಲ್ಲಿಂದ ಓಡುತ್ತ, ಜಾರುತ್ತ ಇಳಿದೆ. ಮರದ ಹತ್ತಿರ ಬಂದಾಗ ಐದು ದಾಟಿತ್ತು. ನೆರಳು ಮರದಿಂದ ದೂರಕ್ಕೆ ಸರಿದಿತ್ತು. ಅಕ್ಕ ಇರಲಿಲ್ಲ. ಒಂದು ಕೊಂಬೆಗೆ ಅವರ ಬುತ್ತಿ ಚೀಲ ಕಟ್ಟಿತ್ತು, ಒಳಗೆ ಖಾಲಿ ಬಾಟಲಿ.

ಕೂಗಿದೆ. ಕಮರಿ ನನ್ನ ಸ್ವರವನ್ನೇ ತಿರುಗಿ ಕೊಟ್ಟಿತು. ಫೋನ್ ಸತ್ತ ಹಾಗೆ, ಒಂದು ಗೆರೆಯೂ ಇಲ್ಲ. ಜಲಪಾತದವರೆಗೆ ಓಡಿ ಕೆಳಗೆ ಬಗ್ಗಿ ನೋಡಿದೆ. ಅಲ್ಲಿ ಬಗ್ಗುವಾಗ ನನ್ನ ಮನಸ್ಸು ಏನನ್ನು ಹುಡುಕುತ್ತಿತ್ತು ಎಂಬುದನ್ನು ಬರೆಯಲಾರೆ. ಏನೂ ಕಾಣಲಿಲ್ಲ. ಸಿಗ್ನಲ್ ಸಿಗುವಲ್ಲಿಗೆ ಮತ್ತೆ ಹತ್ತಿದೆ. ತುರ್ತು ಸಂಖ್ಯೆ ಒತ್ತಿ, ಒಬ್ಬ ಭಾರತೀಯ ಹೆಂಗಸು ಕಾಣೆಯಾಗಿದ್ದಾರೆ ಎಂದು ಶುರು ಮಾಡುವಷ್ಟರಲ್ಲಿ ಆ ಕಡೆಯ ಅಧಿಕಾರಿ ನನ್ನನ್ನು ತಡೆದ. ಅವರು ಸಿಕ್ಕಿದ್ದಾರೆ, ಅವರನ್ನು ಅಲ್ಲಿ ಬಿಟ್ಟು ಹೋದವನು ನೀನೇನಾ ಎಂದು ಕೇಳಿದ.

ಹೌದು ಎಂದೆ. ಅವತ್ತು ನಾನು ಆಡಿದ ಮೊದಲ ನಿಜ ಅದು.

ಆದದ್ದು ಇಷ್ಟು. ಮಧ್ಯಾಹ್ನ ಎರಡರವರೆಗೆ ಅಕ್ಕ ಕಾದರು. ನೀರು ಮುಗಿಯಿತು, ನೆರಳು ಸರಿಯಿತು. ಇಳಿಯುವುದು ಆಗುವ ಮಾತಲ್ಲ ಎಂದು ತಿರುಗಿ ಹತ್ತಲು ಹೊರಟರು. ಹತ್ತುವಾಗ ಮೊಣಕಾಲು ಅಷ್ಟು ನೋಯಲಿಲ್ಲವಂತೆ. ನಡುವೆ ಎಲ್ಲೋ ಆಡಿನ ಗಂಟೆಯ ಸದ್ದು ಕೇಳಿ ದಾರಿ ಬಿಟ್ಟು ಆ ಕಡೆ ಹೋದರು. ಅಲ್ಲಿ ಕಾಲು ಜಾರಿ ಬಲಗೈ ಊರಿ ಬಿದ್ದರು. ಆಡು ಕಾಯುವ ಒಬ್ಬಳು ಮುದುಕಿ ಅವರನ್ನು ಎಬ್ಬಿಸಿ ತನ್ನ ಮನೆಗೆ ಕರೆದುಕೊಂಡು ಹೋಗಿ, ಮಗನಿಂದ ಪೊಲೀಸರಿಗೆ ಫೋನ್ ಮಾಡಿಸಿದಳು.

ನಾನು ಹೋದಾಗ ಅಕ್ಕ ಆ ಮನೆಯ ಅಂಗಳದಲ್ಲಿ ಕುರ್ಚಿಯ ಮೇಲಿದ್ದರು. ಕಾಲು ಎರಡೂ ನೀರಿನ ತೊಟ್ಟಿಯಲ್ಲಿ. ಬಲಗೈಗೆ ಬಟ್ಟೆ ಸುತ್ತಿತ್ತು, ಹೆಬ್ಬೆರಳ ಬುಡ ಊದಿ ನೀಲಿಯಾಗಿತ್ತು. ಮುದುಕಿ ಅವರ ಎದುರು ನೆಲದಲ್ಲಿ ಕೂತು ಗ್ರೀಕ್‌ನಲ್ಲಿ ಏನೋ ಹೇಳುತ್ತಿದ್ದಳು, ಅಕ್ಕ ತುಳುವಿನಲ್ಲಿ ಉತ್ತರ ಕೊಡುತ್ತಿದ್ದರು. ನನ್ನನ್ನು ನೋಡಿ ಇಬ್ಬರೂ ಮಾತು ನಿಲ್ಲಿಸಿದರು. ಬೇರೆಯವರೆಲ್ಲ ಸರಿಯಾಗಿ ತಲುಪಿದರಾ ಎಂದು ಅಕ್ಕ ಕೇಳಿದರು.

ಹೆಬ್ಬೆರಳಿನ ಬುಡದ ಎಲುಬು ಮುರಿದಿತ್ತು. ಪ್ಲಾಸ್ಟರ್ ಹಾಕಿದ ಕೈಯಲ್ಲೇ ಬಹರೈನ್‌ಗೆ ವಾಪಸಾದರು. ಕತ್ತರಿ ಹಿಡಿಯುವ ಕೈ ಅದು.

ಬಂದ ವಾರವೇ ಅರ್ಬಾಬ್ ನಮ್ಮಿಬ್ಬರನ್ನೂ ಕರೆಸಿದರು. ಹಳೆಯ ಕಾಲದ ವ್ಯಾಪಾರಸ್ಥರು, ಹಿಂದಿ ನಮಗಿಂತ ಚೆನ್ನಾಗಿ ಮಾತಾಡುತ್ತಿದ್ದರು. ಅಕ್ಕನಿಗೆ ಕುರ್ಚಿ ಕೊಟ್ಟು, ಅರಬ್ಬರ ಕಾಫಿ ಖಾವಾ ತರಿಸಿ, ನಡೆದದ್ದನ್ನು ಹೇಳಿ ಎಂದರು. ಅಕ್ಕ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನಿಧಾನವಾಗಿ ಹೇಳಿದರು.

"ನಾನೇ ಹಟ ಮಾಡಿ ಕೂತದ್ದು. ಇವನು ಬೇಡ ಬೇಡ ಅಂದ. ನಾನೇ ನೀವು ಹೋಗಿ ಅಂದೆ."

ಅರ್ಬಾಬ್ ನನ್ನ ಕಡೆ ನೋಡಿದರು. ನಾನು ಖಾವಾದ ಬಟ್ಟಲನ್ನು ನೋಡುತ್ತ ತಲೆಯಾಡಿಸಿದೆ. ಉಳಿದ ಹತ್ತು ಜನ ಬೇರೆ ಹೇಳಬಹುದಿತ್ತು. ಆದರೆ ಆ ಮರದಿಂದ ಅವರೂ ನಡೆದು ಬಂದವರೇ. ಯಾರಿಗೂ ಆ ದಿನದ ಮಾತು ಬೇಕಿರಲಿಲ್ಲ. ಬೇಸಗೆಯ ನಂತರ ಇನ್ನೊಂದು ಗುಂಪು, ಲೀಡರ್ ನಾನೇ ಎಂದು ತೀರ್ಮಾನವಾಯಿತು. ಎರಡು ತಿಂಗಳ ನಂತರ ತಯಾರಾದ ಹೊಸ ಕರಪತ್ರದಲ್ಲಿ ಕಮರಿಯ ದಾರಿಯೂ ಇತ್ತು. ಹನ್ನೊಂದು ಕಿಲೋಮೀಟರು, ನಾಲ್ಕು ಗಂಟೆ, ಸುಲಭ. ಅದರ ಪ್ರೂಫ್ ತಿದ್ದಲು ನನ್ನ ಮೇಜಿಗೇ ಬಂತು.

ಎರಡು ದಿನ ಆ ಕಾಗದ ಮೇಜಿನ ಮೇಲಿತ್ತು. ಮೂರನೆಯ ದಿನ ಆಫೀಸಿನ ವ್ಯಾನ್ ರಿಪೇರಿಗೆ ಟುಬ್ಲಿಗೆ ಹೋದೆ. ಭಾವ ಎಣ್ಣೆಯ ಕೈ ಒರೆಸಿಕೊಂಡು ಹೊರಗೆ ಬಂದು ನನ್ನ ಹೆಗಲು ಹಿಡಿದರು. "ನೀನು ಜೊತೆಗಿದ್ದೆಯಲ್ಲ ಮಾರಾಯ, ಅದಕ್ಕೇ ನನ್ನ ಹೆಂಡತಿ ಬದುಕಿ ಬಂದದ್ದು," ಎಂದರು. ಅಂಗಿಗೆ ಎಣ್ಣೆ ಹತ್ತಿತು ಎಂದು ಆಮೇಲೆ ಅವರೇ ಸಾರಿ ಕೇಳಿದರು.

ಅಲ್ಲಿಂದ ನೇರ ಆಫೀಸಿಗೆ ಬಂದು ಅರ್ಬಾಬ್ ಕೋಣೆಯ ಬಾಗಿಲು ತಟ್ಟಿದೆ. ಕಾಫಿ ಅಂಗಡಿಯಿಂದ ಹಿಡಿದು ಫೋನ್ ಮಾಡದೆ ಇದ್ದದ್ದರವರೆಗೆ, ನಿಂತುಕೊಂಡೇ ಹೇಳಿದೆ. ಅವರು ಬೈಯಲಿಲ್ಲ. ಕರಪತ್ರದ ಪ್ರೂಫನ್ನು ತರಿಸಿ ಕಮರಿಯ ದಾರಿಯ ಮೇಲೆ ಅಡ್ಡಗೆರೆ ಎಳೆದರು. ಇನ್ನು ಗುಂಪು ಕರೆದುಕೊಂಡು ಹೋಗುವ ಕೆಲಸ ನಿನ್ನದಲ್ಲ, ಟಿಕೆಟ್ ಕೌಂಟರಿನಲ್ಲಿ ಕೂರು ಎಂದರು. ಆಮೇಲೆ ಕಾರಿನ ಕೀಲಿ ತೆಗೆದುಕೊಂಡು ಎದ್ದರು. ಎಲ್ಲಿಗೆ ಎಂದು ಕೇಳುವ ಧೈರ್ಯ ನನಗೆ ಇರಲಿಲ್ಲ. ಹೇಳಿದ್ದಾಯಿತಲ್ಲ ಎಂಬ ಹಗುರು ಮಾತ್ರ ಇತ್ತು. ಆ ಹಗುರು ಮರುದಿನ ಸಂಜೆಯವರೆಗೆ ಉಳಿಯಿತು.

ಮರುದಿನ ಮಾಹೂಝ್‌ಗೆ ಹೋದೆ. ಪ್ಲಾಸ್ಟರ್ ಬಿಚ್ಚಿತ್ತು, ಆದರೆ ಬಲಗೈಯ ಹೆಬ್ಬೆರಳು ಇನ್ನೂ ಊದಿಕೊಂಡು ಮಡಚುತ್ತಿರಲಿಲ್ಲ. ಅಕ್ಕ ಎಡಗೈಯಲ್ಲಿ ಕತ್ತರಿ ಹಿಡಿದು ಹಳೆಯ ಹೊದಿಕೆಯೊಂದನ್ನು ಕತ್ತರಿಸಿ ಅಭ್ಯಾಸ ಮಾಡುತ್ತಿದ್ದರು. ಗೆರೆ ಅಂಕುಡೊಂಕಾಗಿ ಹೋಗುತ್ತಿತ್ತು. ನಾನು ಎಲ್ಲ ಹೇಳಿಬಿಟ್ಟೆ ಅಕ್ಕ, ನೀವು ನನಗಾಗಿ ಸುಳ್ಳು ಹೇಳಬೇಕಾಗಿರಲಿಲ್ಲ ಎಂದೆ. ಅವರು ತಲೆಯೆತ್ತಲಿಲ್ಲ. ನಿನ್ನೆ ನಿನ್ನ ಅರ್ಬಾಬ್ ಗ್ಯಾರೇಜಿಗೆ ಹೋಗಿ, ಎಲ್ಲರ ಎದುರು ನಿನ್ನ ಭಾವನ ಕೈ ಹಿಡಿದು ಕ್ಷಮೆ ಕೇಳಿದರು ಎಂದರು. ಗ್ಯಾರೇಜಿನವರಿಗೆಲ್ಲ ಗೊತ್ತಾಗಿದೆ. ಭಾವ ರಾತ್ರಿ ಊಟ ಮಾಡಲಿಲ್ಲ. ಇವತ್ತು ಬೆಳಗ್ಗೆ ಅಕ್ಕ ಮೀನು ಕೊಳ್ಳಲು ಹೋದಾಗ ನಮ್ಮ ಕಡೆಯ ಒಬ್ಬಳು, ನಿನ್ನನ್ನು ಕಾಡಲ್ಲಿ ಬಿಟ್ಟು ಹೋದರಂತೆ ಹೌದಾ ಎಂದು ಕೇಳಿದಳಂತೆ.

ಆಮೇಲೆ ಕತ್ತರಿ ಕೆಳಗಿಟ್ಟರು.

"ನಿನ್ನ ಕೆಲಸ ಉಳಿಯಲಿ ಅಂತ ನಾನು ಹಾಗೆ ಹೇಳಿದ್ದಲ್ಲ," ಎಂದರು. "ಅಷ್ಟು ಜನರಲ್ಲಿ ಯಾರಿಗೂ ಬೇಡವಾಗಿ ನಾನೊಬ್ಬಳು ಅಲ್ಲಿ ಉಳಿದೆ. ಅದು ನಾಲ್ಕು ಜನರ ಬಾಯಲ್ಲಿ ಬರುವುದು ನನಗೆ ಬೇಡ ಇತ್ತು. ನಾನಾಗಿ ಕೂತದ್ದು ಅಂದರೆ ಅದರಲ್ಲಿ ಸ್ವಲ್ಪ ಮರ್ಯಾದೆ ಉಂಟು."

ನಾನು ಏನೋ ಹೇಳಲು ಹೋದೆ.

"ಅಲ್ಲಿಯೂ ನೀನು ನನ್ನನ್ನು ಕೇಳಲಿಲ್ಲ, ಇಲ್ಲಿಯೂ ಕೇಳಲಿಲ್ಲ," ಎಂದರು. ಸ್ವರ ಏರಿಸಲಿಲ್ಲ.

ಅವರ ಸುಳ್ಳು ಅವರು ನನಗೆ ಕೊಟ್ಟ ಉಡುಗೊರೆ ಎಂದು ನಾನು ತಿಳಿದಿದ್ದೆ. ತಿಂಗಳುಗಟ್ಟಲೆ ಅದರ ಭಾರ ಹೊತ್ತೆ, ಕೊನೆಗೆ ಧೈರ್ಯ ಮಾಡಿ ಇಳಿಸಿದೆ ಎಂದುಕೊಂಡೆ. ಅದು ಅವರದು, ಅವರಿಗಾಗಿ ಇಟ್ಟುಕೊಂಡದ್ದು ಎಂದು ಒಮ್ಮೆಯೂ ಹೊಳೆಯಲಿಲ್ಲ. ನಿಜ ಹೇಳಬಾರದಿತ್ತು ಎಂದಲ್ಲ. ಕರಪತ್ರ ಹಾಗೇ ಅಚ್ಚಾಗಿದ್ದರೆ ಇನ್ನೊಬ್ಬರು ಆ ಜಲಪಾತದ ತುದಿಗೆ ಬರುತ್ತಿದ್ದರು. ಆದರೆ ಮೊದಲು ಮಾಹೂಝ್‌ಗೆ ಬಂದು ಅವರ ಎದುರು ಕೂರಬೇಕಿತ್ತು. ಟುಬ್ಲಿಯಿಂದ ಆಫೀಸಿಗೆ ಹೋಗುವ ದಾರಿಯಲ್ಲಿ ಅರ್ಧ ಗಂಟೆಯ ಸುತ್ತು, ಅಷ್ಟೇ.

ನಾನು ಏಳಬೇಕು ಎಂದುಕೊಳ್ಳುವಾಗ ಒಬ್ಬ ಹೆಂಗಸು ರವಿಕೆಯ ಬಟ್ಟೆ ಹಿಡಿದು ಒಳಗೆ ಬಂದಳು. ಹೊಸಬಳು, ಅಕ್ಕನ ಪರಿಚಯ ಇದ್ದ ಹಾಗಿರಲಿಲ್ಲ. ಅಕ್ಕ ನನ್ನನ್ನು ತೋರಿಸಿ, ಇವನು ನಮ್ಮ ಊರ ಕಡೆಯವನು, ಟ್ರಾವೆಲ್ಸಿನಲ್ಲಿ ಇದ್ದಾನೆ ಎಂದರು. ಅವಳು ಅಕ್ಕನ ಕೈ ನೋಡಿ ಏನಾಯಿತು ಎಂದು ಕೇಳಿದಳು.

"ಬೆಟ್ಟಕ್ಕೆ ಹೋದಾಗ ಬಿದ್ದೆ," ಎಂದರು ಅಕ್ಕ. "ಸುಸ್ತಾಯಿತು ಅಂತ ನಾನೇ ಹಿಂದೆ ಉಳಿದಿದ್ದೆ."

ಹೇಳಿ ನನ್ನ ಮುಖ ನೋಡಿದರು. ಅವಳೂ ನನ್ನ ಕಡೆ ತಿರುಗಿದಳು.

"ಹೌದು," ಎಂದೆ ನಾನು. "ಎಷ್ಟು ಕರೆದರೂ ಬರಲಿಲ್ಲ."

ಅಕ್ಕ ಟೇಪು ತೆಗೆದುಕೊಂಡು ಅವಳ ಅಳತೆ ತೆಗೆಯಲು ಎದ್ದರು.